‘ಆಮೇಲೆ ಅಭ್ಯಾಸ ಆಗುತ್ತಲ್ವಾ ಸಾರ್?’

ಪ್ರಶ್ನೆ: ಬಿ.ಕಾಂ ಮುಗಿದಿದೆ. ಔಟರ್ ರಿಂಗ್ ರೋಡ್ ಕಡೆ ಒಂದು ಕಂಪನಿಯಲ್ಲಿ ಕನ್ನಡ ಕಂಟೆಂಟ್ ಮಾಡರೇಟರ್ ಕೆಲಸಕ್ಕೆ ಆಫರ್ ಬಂದಿದೆ. ಜನ ಸೋಷಿಯಲ್ ಮೀಡಿಯಾದಲ್ಲಿ ಹಾಕಿದ ಪೋಸ್ಟ್, ವಿಡಿಯೊ ನೋಡಿ, ಇರಲಿ ಅಥವಾ ತೆಗೆಯಿರಿ ಅಂತ ತೀರ್ಮಾನಿಸುವ ಕೆಲಸ. ಕೆಟ್ಟ ವಿಡಿಯೊ ನೋಡಬೇಕಾಗುತ್ತದೆ, ಮೊದಲ ಎರಡು ತಿಂಗಳು ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ ಅಂತಾರೆ. ಸೇರಬಹುದಾ ಸಾರ್?

ಉತ್ತರ: ಸೇರಬಹುದು, ಆದರೆ ಕೆಲವು ವಿಷಯ ಕೇಳಿಕೊಂಡು ಸೇರಿ. ಕ್ಯಾಬ್, ರೊಟೇಶನಲ್ ಶಿಫ್ಟ್, ಫೋನನ್ನು ಲಾಕರ್‌ನಲ್ಲಿಟ್ಟು ಫ್ಲೋರ್‌ಗೆ ಹೋಗುವುದು, ಆಫರ್ ಲೆಟರ್‌ನಲ್ಲಿ ‘ಪ್ರೊಸೆಸ್ ಎಕ್ಸಿಕ್ಯೂಟಿವ್’ ಅಂತ ಮಾತ್ರ ಇರುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ‘ಅಭ್ಯಾಸ ಆಗುತ್ತೆ’ ಅನ್ನುವ ಮಾತಿಗೆ ಎಷ್ಟು ಸಲ ಉತ್ತರ ಬರೆದರೂ ಅದು ಸಾಯುತ್ತಿಲ್ಲ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಭಯಕ್ಕೆ ಮನಸ್ಸು ಒಗ್ಗಿಕೊಳ್ಳಲು ಕೆಲವು ಷರತ್ತುಗಳಿವೆ. ನಾಯಿ ಕಂಡರೆ ಹೆದರುವವರಿಗೆ ಚಿಕಿತ್ಸೆ ಕೊಡುವಾಗ ಮೊದಲು ದೂರದಿಂದ ತೋರಿಸುತ್ತಾರೆ. ಎದೆಬಡಿತ ಇಳಿಯುವ ತನಕ ಕಾಯುತ್ತಾರೆ. ಏನೂ ಆಗಲಿಲ್ಲ ಅಂತ ಮನವರಿಕೆಯಾದ ಮೇಲೆ ಮುಂದಿನ ಹೆಜ್ಜೆ. ಕ್ಯೂನಲ್ಲಿ, ಅಂದರೆ ಪರಿಶೀಲನೆಗೆ ಒಂದರ ಹಿಂದೆ ಒಂದು ಬರುವ ಪೋಸ್ಟ್‌ಗಳ ಸಾಲಿನಲ್ಲಿ, ಇವುಗಳಲ್ಲಿ ಒಂದೂ ಇಲ್ಲ. ಒಂದು ಟಿಕೆಟ್‌ನಲ್ಲಿ (ಸಾಲಿನ ಒಂದೊಂದು ಪೋಸ್ಟೂ ಒಂದು ಟಿಕೆಟ್) ಯಾರದೋ ಬರ್ತ್‌ಡೇ ಕೇಕ್, ಮುಂದಿನದರಲ್ಲಿ ಮಚ್ಚು, ಅದರ ಮುಂದಿನದರಲ್ಲಿ ನೇಣು. ಏನು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಎಎಚ್‌ಟಿ, ಅಂದರೆ ಒಂದು ಟಿಕೆಟ್‌ಗೆ ಹಿಡಿಯುವ ಸರಾಸರಿ ಸಮಯ, ತಲೆಯ ಮೇಲೆ ಕೂತಿರುತ್ತದೆ. ಎದೆಬಡಿತ ಇಳಿಯುವ ಮೊದಲೇ ಮುಂದಿನದು ತೆರೆದಿರುತ್ತದೆ. ಇಂಥದ್ದಕ್ಕೆ ಮನಸ್ಸು ಒಗ್ಗುವುದು ಹೇಗೆ?

ಹಾಗಾದರೆ ‘ಈಗ ನನಗೇನೂ ಅನಿಸಲ್ಲ ಮಗಾ’ ಅನ್ನುವ ಸೀನಿಯರ್ ಸುಳ್ಳು ಹೇಳುತ್ತಿದ್ದಾನಾ? ಇಲ್ಲ, ನಿಜವನ್ನೇ ಹೇಳುತ್ತಿದ್ದಾನೆ. ಮನೆಗೆ ಹೋದಾಗ ಮಗು ಓಡಿ ಬಂದರೂ ಅವನಿಗೆ ಏನೂ ಅನಿಸದಿದ್ದರೆ ಅದು ಲಕ್ಷಣ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ, ಸಂತೋಷ-ಪ್ರೀತಿ ಅನುಭವಿಸಲಾಗದಿರುವುದು, ಜನರಿಂದ ದೂರ ಸರಿದಂತೆ ಅನಿಸುವುದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯ ಲಕ್ಷಣಗಳ ಪಟ್ಟಿಯಲ್ಲೇ ಇವೆ. ‘ಬರೀ ಸ್ಕ್ರೀನ್ ತಾನೆ’ ಅನ್ನುವವರಿಗೂ ಅಲ್ಲೇ ಉತ್ತರವಿದೆ: ಟಿವಿ, ಮೊಬೈಲ್‌ನಲ್ಲಿ ನೋಡಿದ್ದನ್ನು ಸಾಮಾನ್ಯವಾಗಿ ಆಘಾತದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲಸದ ಭಾಗವಾಗಿ ನೋಡಿದ್ದಾದರೆ ಹಿಡಿಯಬಹುದು. ‘ಆರು ತಿಂಗಳಾಯ್ತು, ಆರಾಮಾಗಿದ್ದೀನಿ’ ಅನ್ನುವುದೂ ಗ್ಯಾರಂಟಿಯಲ್ಲ. ಆರು ತಿಂಗಳು ಕಳೆದ ಮೇಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವ ಬಗೆಯನ್ನೂ ಕೈಪಿಡಿ ಪ್ರತ್ಯೇಕವಾಗಿ ಗುರುತಿಸುತ್ತದೆ.

ಈಗ ನೀವು ಪೋಸ್ಟ್‌ಮಾರ್ಟಂ ಡಾಕ್ಟರ ಉದಾಹರಣೆ ತರುತ್ತೀರಿ, ಎಲ್ಲರೂ ತರುತ್ತಾರೆ. ಡಾಕ್ಟರಿಗೆ ವರ್ಷಗಟ್ಟಲೆ ತರಬೇತಿ ಇದೆ, ಮುಂದೆ ಏನಿದೆ ಅಂತ ಮೊದಲೇ ಗೊತ್ತಿದೆ, ಅವರ ವರದಿ ಕೋರ್ಟಿಗೆ ಹೋಗುತ್ತದೆ, ಸಂಜೆ ಮನೆಯಲ್ಲಿ ಕೆಲಸದ ಬಗ್ಗೆ ಎರಡು ಮಾತಾದರೂ ಆಡಬಹುದು. ಮಾಡರೇಟರ್ ಒಂದು ಬಟನ್ ಒತ್ತುತ್ತಾನೆ. ವಿಡಿಯೊದಲ್ಲಿದ್ದ ಮಗುವಿಗೆ ಆಮೇಲೆ ಏನಾಯಿತು ಅಂತ ತಿಳಿಯುವುದಿಲ್ಲ. ಕೆಲಸದ ವಿಷಯ ಹೊರಗೆ ಹೇಳುವುದಿಲ್ಲ ಅಂತ ಬರೆದುಕೊಟ್ಟ ಒಪ್ಪಂದ (ಎನ್‌ಡಿಎ) ಇರುವುದರಿಂದ ಮನೆಯಲ್ಲಿ ಬಾಯಿ ಬಿಡುವ ಹಾಗೂ ಇಲ್ಲ.

ಕೇಳಬೇಕಾದ್ದು ಇಷ್ಟು. ಯಾವ ಕ್ಯೂ? ಸ್ಪ್ಯಾಮ್, ನಕಲಿ ಖಾತೆಯ ಕ್ಯೂಗೂ ಹಿಂಸೆ, ಮಕ್ಕಳ ಲೈಂಗಿಕ ಶೋಷಣೆಯ ಕ್ಯೂಗೂ ಅಜಗಜಾಂತರ. ಬೇಡ ಅಂದರೆ ಕ್ಯೂ ಬದಲಾಯಿಸುತ್ತಾರಾ, ಎಷ್ಟು ದಿನದಲ್ಲಿ? ವೆಲ್‌ನೆಸ್ ಬ್ರೇಕನ್ನು, ಅಂದರೆ ಮನಸ್ಸು ಹಗುರ ಮಾಡಿಕೊಳ್ಳಲು ಕೊಡುವ ಬಿಡುವನ್ನು, ಪ್ರೊಡಕ್ಷನ್ ಸಮಯದಿಂದ (ಟಾರ್ಗೆಟ್ ಲೆಕ್ಕ ಹಾಕುವ ಕೆಲಸದ ಸಮಯ) ಕಳೆಯುತ್ತಾರಾ? ಕಳೆಯದೆ ಟಾರ್ಗೆಟ್ ಹಾಗೇ ಇಟ್ಟರೆ ಆ ಬ್ರೇಕ್ ಕಾಗದದ ಮೇಲಷ್ಟೇ, ಯಾರೂ ತೆಗೆದುಕೊಳ್ಳುವುದಿಲ್ಲ. ಕೌನ್ಸೆಲರ್ ಹತ್ತಿರ ಆಡಿದ ಮಾತು ಟೀಮ್ ಲೀಡ್‌ವರೆಗೆ ಹೋಗುತ್ತದಾ? ಟೂಲ್‌ನಲ್ಲಿ ಬ್ಲರ್, ಕಪ್ಪು-ಬಿಳುಪು, ಮ್ಯೂಟ್ ಇವೆಯಾ?

ಮ್ಯೂಟ್ ವಿಷಯದಲ್ಲಿ ಕನ್ನಡದವರಿಗೆ ಒಂದು ಪೇಚಿದೆ. ಬರೀ ಹಿಂಸೆಯ ದೃಶ್ಯವಾದರೆ ಶಬ್ದ ತೆಗೆದು, ಪೂರ್ತಿ ಪ್ಲೇ ಮಾಡದೆ, ಕೆಳಗಿನ ಸಣ್ಣ ಫ್ರೇಮುಗಳ ಸಾಲು ನೋಡಿಯೇ ತೀರ್ಮಾನಿಸಬಹುದು. ಆದರೆ ನಿಮ್ಮನ್ನು ತೆಗೆದುಕೊಂಡಿರುವುದೇ ಭಾಷೆಗಾಗಿ. ಹೊಡೆಯುವವನು ಜಾತಿ ಹಿಡಿದು ಬೈದನಾ ಅಂತ ನೋಡಬೇಕಾದರೆ ಶಬ್ದ ಕೇಳಲೇಬೇಕು, ಅದರ ಜತೆ ಅಳುವೂ ಕೇಳಿಸುತ್ತದೆ. ಅಂಥಲ್ಲಿ ಚಿತ್ರವನ್ನು ಪೂರ್ತಿ ಬ್ಲರ್ ಮಾಡಿ ಶಬ್ದ ಮಾತ್ರ ಕೇಳಿ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ.

ಪರಿಹಾರ ಸಿಗುತ್ತದೆ ಅಂತ ನಂಬಿ ಕೂರಬೇಡಿ. 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿದ್ದು ಅಮೆರಿಕದ ಮಾಡರೇಟರ್‌ಗಳಿಗೆ, ಇಲ್ಲಿನವರಿಗಲ್ಲ. ನಿದ್ದೆ ಕೆಟ್ಟರೆ, ನೋಡಿದ ದೃಶ್ಯ ಊಟದ ಹೊತ್ತಿಗೆ ಕಣ್ಣ ಮುಂದೆ ಬಂದು ಅದು ತಿಂಗಳು ದಾಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲವೇ ನಿಮ್ಹಾನ್ಸ್‌ನಲ್ಲಿ ತೋರಿಸಿ. ಕ್ಲೈಂಟ್ ಹೆಸರು ಹೇಳದೆಯೂ ನಿಮಗೇನಾಗುತ್ತಿದೆ ಅಂತ ವೈದ್ಯರಿಗೆ ಹೇಳಬಹುದು.

ಇನ್ನು ನೀವು ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ನಾವು ರಿಪೋರ್ಟ್ ಮಾಡುವ ರೀತಿಯೂ ಆ ಕುರ್ಚಿಯಲ್ಲಿ ಕೂತವರ ಹೊರೆಯನ್ನು ಹೆಚ್ಚಿಸುತ್ತದೆ. ‘ಎಷ್ಟು ರಿಪೋರ್ಟ್ ಮಾಡಿದರೂ ತೆಗೆಯಲ್ಲ’ ಅನ್ನುವವರು ಸಾಮಾನ್ಯವಾಗಿ ಮೊದಲು ಕಂಡ ಕಾರಣವನ್ನು ಒತ್ತಿರುತ್ತಾರೆ. ಬೆದರಿಕೆಯನ್ನು ‘ಸ್ಪ್ಯಾಮ್’ ಅಂದರೆ ಅದನ್ನು ಸ್ಪ್ಯಾಮ್ ಅಂತಲೇ ಪರಿಶೀಲಿಸಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ ಇರುತ್ತದೆ, ಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ. ‘ಬಡ್ಡಿಮಗನೇ’ ಅನ್ನುವುದು ಗೆಳೆಯರ ನಡುವಿನ ಸಲಿಗೆಯೋ ಜಗಳವೋ ಅಂತ ಒಂಟಿ ಕಾಮೆಂಟ್ ನೋಡಿ ಮನುಷ್ಯನಿಗೂ ಗೊತ್ತಾಗುವುದಿಲ್ಲ. ಸರಿಯಾದ ಕಾರಣ ಆರಿಸಿ. ಆ ಕಾಮೆಂಟಿನದೇ ಲಿಂಕ್ ಇಟ್ಟುಕೊಳ್ಳಿ, ಪ್ರೊಫೈಲ್ ಲಿಂಕ್ ಸಾಲದು. ತಿರಸ್ಕಾರವಾದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮದಂತೆ 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಅಲ್ಲಿನ ಉತ್ತರವೂ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ದೂರಿನಲ್ಲಿ ಆ ಮಾತಿನ ಅರ್ಥವೇನು, ಯಾರಿಗೆ ಹೇಳಿದ್ದು ಅಂತ ಎರಡು ಸಾಲು ಬರೆಯುವುದನ್ನು ಮರೆಯಬೇಡಿ.