ಮೈ ಸರಿಯಿಲ್ಲವೆಂದು ವಾಚು ಮೊದಲೇ ಹೇಳಬಲ್ಲದೇ?

'ನಾಳೆ ನಿಮಗೆ ಹುಷಾರಿರುವುದಿಲ್ಲ' ಎಂದು ಸ್ಮಾರ್ಟ್‌ವಾಚಿನ ದತ್ತಾಂಶದಿಂದ ಊಹಿಸುವ ಕಂಪ್ಯೂಟರ್ ಮಾದರಿಗಳನ್ನು ಪರೀಕ್ಷಿಸುವುದು ನನ್ನ ವೃತ್ತಿಯ ಭಾಗ. ಶೇಕಡಾ 95 ನಿಖರತೆ ಎಂಬ ವರದಿ ಬಂದರೆ ನಾನು ಮೊದಲು ನೋಡುವುದು, ಆ ಪರೀಕ್ಷೆಯಲ್ಲಿದ್ದ ಜನ ನೂರು ದಿನಗಳಲ್ಲಿ ಎಷ್ಟು ದಿನ ಹುಷಾರು ತಪ್ಪಿದ್ದರು ಎಂಬುದನ್ನು. ಐದೇ ದಿನವಾದರೆ, ವಾಚಿನತ್ತ ಕಣ್ಣೂ ಹಾಯಿಸದೆ ದಿನವೂ 'ಆರಾಮಾಗಿದ್ದೀರಿ' ಎನ್ನುವವನಿಗೂ 95 ಅಂಕ ಸಿಗುತ್ತದೆ.

ಹಾಗೆಂದು ವಾಚು ಅಳೆಯುವುದೆಲ್ಲ ಸುಳ್ಳಲ್ಲ. ಅದರ ತಳದ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ಹಿಡಿದು ನಾಡಿ ಎಣಿಸುತ್ತದೆ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 8ರಿಂದ 10 ಹೆಚ್ಚುತ್ತದೆ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮೈಕೆಲ್ ಸ್ನೈಡರ್ ತಂಡ ಹಲವು ಕೋವಿಡ್ ಸೋಂಕಿತರಲ್ಲಿ ಲಕ್ಷಣಗಳಿಗೆ ಮುನ್ನವೇ ಇಂಥ ಬದಲಾವಣೆ ಕಂಡಿತ್ತು. ಆದರೆ ನಿದ್ದೆಗೆಟ್ಟರೂ ಮದ್ಯ ಕುಡಿದರೂ ನಾಡಿ ಏರುತ್ತದೆ; ಋತುಚಕ್ರದ ಉತ್ತರಾರ್ಧದಲ್ಲೂ ಸ್ವಲ್ಪ ಏರುತ್ತದೆ. ಬರೀ ತಲೆನೋವಿದ್ದಾಗ ವಾಚಿಗೆ ಏನೂ ಕಾಣದೇ ಹೋಗಬಹುದು.

ಅದಕ್ಕೇ ಹೋಲಿಕೆ ಅವರವರ ಮಾಮೂಲು ಅಂಕಿಯೊಂದಿಗೇ ನಡೆಯಬೇಕು. ವಿಶ್ರಾಂತಿಯಲ್ಲಿ ನಾಡಿ 72 ಇರುವುದು ಒಬ್ಬರಿಗೆ ದಿನದ ಸಂಗತಿ. ಸದಾ 56 ಇರುವವರಿಗೆ ಅದೇ 72 ಎಚ್ಚರಿಕೆ.

ಮಾದರಿ ಕಟ್ಟುವವರು ಹೆಚ್ಚು ಎಡವುವುದು ಪರೀಕ್ಷೆಯಲ್ಲಿ. ಎಲ್ಲರ ದಿನಗಳನ್ನೂ ಕಲಸಿ, ಒಂದಷ್ಟನ್ನು ಕಲಿಕೆಗೆ, ಉಳಿದದ್ದನ್ನು ಪರೀಕ್ಷೆಗೆ ಹಂಚುತ್ತಾರೆ. ಆಗ ಒಬ್ಬರದೇ ಸೋಮವಾರ ಕಲಿಕೆಯಲ್ಲಿ, ಮಂಗಳವಾರ ಪರೀಕ್ಷೆಯಲ್ಲಿ! ಮಾದರಿ ಗುರುತು ಹಿಡಿಯುವುದು ಮನುಷ್ಯನನ್ನು, ಅನಾರೋಗ್ಯವನ್ನಲ್ಲ. ಹಿಂದಿನ ದಿನಗಳಿಂದ ಕಲಿತು ಮುಂದಿನ ದಿನಗಳನ್ನು ಹೇಳಬೇಕು. ಅಪರಿಚಿತರ ಮೇಲೆ ಬೇರೆಯದೇ ಪರೀಕ್ಷೆ ಬೇಕು. 'ನಿನ್ನೆ ಹೇಗೋ ಇವತ್ತೂ ಹಾಗೇ' ಎನ್ನುವ ಸರಳ ಊಹೆಯನ್ನೂ ಸೋಲಿಸಬೇಕು. ನೆಗಡಿ ಒಂದೇ ದಿನಕ್ಕೆ ಬಿಟ್ಟುಹೋಗದ್ದರಿಂದ ಅದನ್ನು ಸೋಲಿಸುವುದು ಸುಲಭವಲ್ಲ. ನಿಜವಾದ ಸವಾಲಿರುವುದು ಅಸ್ವಸ್ಥತೆಯ ಮೊದಲ ದಿನ, ಆ ಲೆಕ್ಕವನ್ನೇ ಬೇರೆಯಾಗಿ ಕೇಳಿ.

ಹುಷಾರಿಲ್ಲದವರು ವಾಚು ಬಿಚ್ಚಿಡುವುದೂ ಉಂಟು. ಆ ಖಾಲಿ ದಿನಗಳನ್ನು ಅಳಿಸಿಹಾಕಿದರೆ ಬೇಕಾದ ದಿನಗಳೇ ಹೋದಂತೆ.

ಬಳಸುವವರಿಗೆ ಮುಟ್ಟುವ ಲೆಕ್ಕ ಇನ್ನೊಂದಿದೆ. 1000 ದಿನಗಳಲ್ಲಿ 50 ಅಸ್ವಸ್ಥ ದಿನಗಳು ಎನ್ನಿ. ಮಾದರಿ ಅವುಗಳಲ್ಲಿ ಶೇಕಡಾ 80ನ್ನು ಹಿಡಿದು, ಆರಾಮಿನ ದಿನಗಳಲ್ಲಿ ಶೇಕಡಾ 10ರಷ್ಟಕ್ಕೆ ಮಾತ್ರ ತಪ್ಪು ಎಚ್ಚರಿಕೆ ಕೊಟ್ಟರೂ, ಒಟ್ಟು 135 ಎಚ್ಚರಿಕೆಗಳಲ್ಲಿ ನಿಜವಾದವು 40. ಮೂರರಲ್ಲಿ ಎರಡು ಸಲಕ್ಕಿಂತ ಹೆಚ್ಚು ಹುಸಿ. ಅಂಥ ಎಚ್ಚರಿಕೆ ನೋಡಿ ಆ ದಿನದ ಕಠಿಣ ವ್ಯಾಯಾಮ ಬಿಟ್ಟರೆ ನಷ್ಟವಿಲ್ಲ; ಔಷಧಿ ನುಂಗಲು ಅದು ಸಾಲದು.