ಬಾವಿ ಮುಚ್ಚಿದ ಎಂಜಿನಿಯರ್ ಕೈಗೆ ಬಂದ ದೇಶದ ಲೆಕ್ಕ

1942ರ ಬೇಸಿಗೆಯಲ್ಲಿ ಜರ್ಮನ್ ಸೇನೆ ಕಾಕಸಸ್‌ನ ತೈಲಕ್ಷೇತ್ರಗಳತ್ತ ನುಗ್ಗುತ್ತಿತ್ತು. ಸ್ಟಾಲಿನ್ 31 ವರ್ಷದ ಒಬ್ಬ ತೈಲ ಎಂಜಿನಿಯರನ್ನು ಕರೆಸಿದರು. ಶತ್ರುವಿನ ಕೈಗೆ ಒಂದು ಟನ್ ಎಣ್ಣೆ ಸಿಕ್ಕರೂ ನಿನಗೆ ಗುಂಡು. ಅವಸರಪಟ್ಟು ಬಾವಿಗಳನ್ನು ಹಾಳುಗೆಡವಿ, ಆಮೇಲೆ ಜರ್ಮನರು ಬಾರದೇ ಹೋದರೂ ನಿನಗೆ ಗುಂಡು ಎಂದರು. ನನಗೆ ದಾರಿಯನ್ನೇ ಉಳಿಸಲಿಲ್ಲವಲ್ಲ ಎಂದು ಕೇಳಿದಾಗ ಸ್ಟಾಲಿನ್ ತಮ್ಮ ತಲೆಯನ್ನು ಮುಟ್ಟಿ ತೋರಿಸಿದರು ಎಂದು ಆ ಎಂಜಿನಿಯರ್, ನಿಕೊಲಾಯ್ ಬೈಬಕೋವ್, ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಆಗಸ್ಟ್‌ನಲ್ಲಿ ಜರ್ಮನರು ಕಾಕಸಸ್‌ನ ತೈಲಪಟ್ಟಣ ಮೈಕೋಪ್ ತಲುಪುವ ಹೊತ್ತಿಗೆ ಅಲ್ಲಿನ ಬಾವಿಗಳು ಮುಚ್ಚಿದ್ದವು. ಮುಂದಿನ ಜನವರಿಯಲ್ಲಿ ಹಿಮ್ಮೆಟ್ಟುವವರೆಗೂ ಅವರಿಗೆ ಅಲ್ಲಿ ಹೇಳಿಕೊಳ್ಳುವಷ್ಟು ಎಣ್ಣೆ ದಕ್ಕಲಿಲ್ಲ.

ಬೈಬಕೋವ್ ಹುಟ್ಟಿದ್ದು 1911ರಲ್ಲಿ, ಬಾಕು ಬಳಿಯ ಸಬುಂಚಿಯಲ್ಲಿ. ಎಣ್ಣೆಯ ವಾಸನೆಯಲ್ಲೇ ಬೆಳೆದವರು. 1932ರಲ್ಲಿ ಬಾಕುವಿನಲ್ಲಿ ಎಂಜಿನಿಯರಿಂಗ್ ಮುಗಿಸಿದರು, 1944ರಲ್ಲಿ ಇಡೀ ಸೋವಿಯತ್ ತೈಲೋದ್ಯಮದ ಹೊಣೆ ಹೊತ್ತರು. 1955ರಲ್ಲಿ ಗೋಸ್‌ಪ್ಲಾನ್, ಅಂದರೆ ದೇಶದ ಯೋಜನಾ ಸಮಿತಿಯ ಅಧ್ಯಕ್ಷರಾದರು. ಕೈಗಾರಿಕಾ ಸಚಿವಾಲಯಗಳನ್ನು ಒಡೆದು ಪ್ರಾಂತೀಯ ಮಂಡಳಿಗಳಿಗೆ ಹಂಚುವ, ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಯೋಜನೆ ಇವರಿಗೆ ಒಪ್ಪಿಗೆಯಾಗಲಿಲ್ಲ. 1957ರಲ್ಲಿ ಆ ಹುದ್ದೆ ಹೋಯಿತು. ಮುಂದೆ ಕ್ರಾಸ್ನೊಡಾರ್‌ನ ಅಂಥದೇ ಒಂದು ಮಂಡಳಿಯನ್ನು ನಡೆಸಬೇಕಾಯಿತು. ಕ್ರುಶ್ಚೇವ್ ಪದಚ್ಯುತರಾದ ಮರುವರ್ಷ, 1965ರಲ್ಲಿ, ಬೈಬಕೋವ್ ಗೋಸ್‌ಪ್ಲಾನ್‌ಗೆ ಮರಳಿ ಬಂದು ಇಪ್ಪತ್ತು ವರ್ಷ ಅಲ್ಲೇ ಇದ್ದರು.

ಗೋಸ್‌ಪ್ಲಾನ್ ಮಾಡುತ್ತಿದ್ದ ಕೆಲಸವನ್ನು ಒಂದು ದೊಡ್ಡ ಜಮಾಖರ್ಚಿನ ಪುಸ್ತಕವೆನ್ನಬಹುದು. ಉಕ್ಕು, ಸಿಮೆಂಟು, ಕಲ್ಲಿದ್ದಲು ಎಲ್ಲಿಂದ ಎಷ್ಟು ಬರುತ್ತದೆ, ಎಲ್ಲಿಗೆ ಎಷ್ಟು ಹೋಗಬೇಕು ಎಂಬುದನ್ನು ಬೆಲೆಯ ಬದಲು ಟನ್ನು, ಮೀಟರುಗಳಲ್ಲಿ ಸರಿದೂಗಿಸಬೇಕಿತ್ತು. ಈ ವರ್ಷ ಎಷ್ಟಾಯಿತೋ ಅದರ ಮೇಲೆ ಒಂದಿಷ್ಟು ಸೇರಿಸಿದರೆ ಮುಂದಿನ ವರ್ಷದ ಗುರಿ ಸಿದ್ಧ. ಹಾಗಾಗಿ ತನ್ನ ನಿಜವಾದ ಸಾಮರ್ಥ್ಯವನ್ನು ಹೊರಗೆ ಬಿಡಲು ಯಾವ ಕಾರ್ಖಾನೆಯ ಮುಖ್ಯಸ್ಥನೂ ಸಿದ್ಧನಿರಲಿಲ್ಲ. ಬಾವಿ ಕೊರೆಯುವ ತಂಡಗಳ ಕೆಲಸವನ್ನು ಅಳೆದದ್ದು ಮೀಟರಿನಲ್ಲಿ. ಆಳಕ್ಕೆ ಹೋದಷ್ಟೂ ಕೊರೆತ ನಿಧಾನವಾಗುತ್ತದೆ, ಮೀಟರುಗಳು ಏರುವುದಿಲ್ಲ. ಎಣ್ಣೆ ಆಳದಲ್ಲಿದ್ದರೂ ಮೇಲುಮೇಲೆ ಕೊರೆಯುವುದೇ ಲಾಭದ ಕೆಲಸವಾಯಿತು. ಪ್ರಧಾನಿ ಕೊಸಿಗಿನ್ 1965ರಲ್ಲಿ ಮಾರಾಟ ಮತ್ತು ಲಾಭವನ್ನೂ ಮಾನದಂಡವಾಗಿಸಲು ಹೊರಟರು. ಆ ಸುಧಾರಣೆ ಎಪ್ಪತ್ತರ ದಶಕದ ಆರಂಭದಲ್ಲೇ ಸೊರಗಿತು.

ಅದು ಸೊರಗಿದ್ದು ಯಾರನ್ನೂ ತಕ್ಷಣ ಕಾಡಲಿಲ್ಲ, ಏಕೆಂದರೆ ಸೈಬೀರಿಯ ಕೈಹಿಡಿದಿತ್ತು. 1965ರಲ್ಲಿ ಸಮೊತ್ಲೊರ್ ತೈಲಕ್ಷೇತ್ರ ಪತ್ತೆಯಾಯಿತು. ಪಶ್ಚಿಮ ಸೈಬೀರಿಯದ ಉತ್ಪಾದನೆ 1970ರಲ್ಲಿ ಸುಮಾರು 3 ಕೋಟಿ ಟನ್ ಇದ್ದದ್ದು 1980ಕ್ಕೆ 30 ಕೋಟಿ ದಾಟಿತು. 1973ರ ಬಿಕ್ಕಟ್ಟಿನಲ್ಲಿ ಜಗತ್ತಿನ ತೈಲಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಸಾಮೂಹಿಕ ಬೇಸಾಯ ಕೈಕೊಟ್ಟಾಗ ಧಾನ್ಯ ತರಿಸಿದ್ದು, ಯಂತ್ರಗಳನ್ನು ಕೊಂಡದ್ದು ಹೊರದೇಶಗಳಿಗೆ ಎಣ್ಣೆ ಮಾರಿ ಬಂದ ಡಾಲರುಗಳಿಂದಲೇ. ಭೂಮಿಯೊಳಗಿನ ಒತ್ತಡ ಕುಂದದಂತೆ ನೀರು ತುಂಬುತ್ತಾ ಆತುರಾತುರವಾಗಿ ಎಣ್ಣೆ ಎತ್ತಿದರು. ಕೊನೆಕೊನೆಗೆ ಎಣ್ಣೆಯ ಜೊತೆ ನೀರೂ ಹೆಚ್ಚೆಚ್ಚು ಮೇಲೆ ಬಂತು. ಬೈಬಕೋವ್ ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಈ ಭಾಗ. ಬಾವಿಯನ್ನು ಅವಸರದಲ್ಲಿ ಹಿಂಡಿದರೆ ಏನಾಗುತ್ತದೆಂದು ಬಲ್ಲ ಮನುಷ್ಯನೇ ಇನ್ನಷ್ಟು, ಮತ್ತಷ್ಟು ಎಂದು ಬರೆಯುವ ಕುರ್ಚಿಯಲ್ಲಿ ಕುಳಿತಿದ್ದರು. ಆದಾಯಕ್ಕಿಂತ ವೆಚ್ಚ ಮುಂದೋಡುತ್ತಿದೆ, ವಿದೇಶಿ ಸಾಲ ಬೆಳೆಯುತ್ತಿದೆ ಎಂದು ಎಪ್ಪತ್ತರ ದಶಕದಲ್ಲೇ ನಾಯಕರಿಗೆ ಎಚ್ಚರಿಸಿದ್ದರು ಎಂಬುದೂ ನಿಜ. ಆದರೆ ಯೋಜನೆಯ ಅಂಕಿಗಳು ಮೇಲೇರುತ್ತಲೇ ಹೋದವು, ಅವುಗಳಿಗೆ ರುಜು ಹಾಕಿದವರಲ್ಲಿ ಅವರೂ ಇದ್ದರು.

1981ರಲ್ಲಿ ಪೂರ್ವ ಜರ್ಮನಿಗೆ ವರ್ಷಕ್ಕೆ ಕೊಡುತ್ತಿದ್ದ 190 ಲಕ್ಷ ಟನ್ ತೈಲವನ್ನು 170 ಲಕ್ಷಕ್ಕೆ ಇಳಿಸಬೇಕಾಯಿತು. ಆ ದೇಶದ ನಾಯಕ ಹೊನೆಕರ್ ಪ್ರತಿಭಟಿಸಿದರು. ಅಲ್ಲಿನ ಯೋಜನಾ ಮುಖ್ಯಸ್ಥ ಗೆರ್ಹಾರ್ಡ್ ಶೂರರ್ ಬಂದಾಗ ಬೈಬಕೋವ್ ಮನಸ್ಸು ಬಿಚ್ಚಿ ಮಾತನಾಡಿದರು. ಪೋಲೆಂಡಿನ ಪಾಲನ್ನು ಕತ್ತರಿಸಲೇ? ವಿಯೆಟ್ನಾಂ ಹಸಿದಿದೆ, ಕೈಬಿಡಲೇ? ಅಂಗೋಲ, ಮೊಜಾಂಬಿಕ್, ಇಥಿಯೋಪಿಯ, ಯೆಮನ್ ಎಲ್ಲರನ್ನೂ ನಾವೇ ಹೊತ್ತಿದ್ದೇವೆ, ನಮ್ಮವರ ಬದುಕಿನ ಮಟ್ಟವೋ ತೀರಾ ಕೆಳಗಿದೆ ಎಂಬುದು ಅವರ ಮಾತಿನ ಸಾರ. ಅದರಲ್ಲಿ ಅಧಿಕಾರಿಯ ಠೀವಿ ಕಾಣುವುದಿಲ್ಲ. ಕಣಜದ ತಳ ಕಂಡ ಯಜಮಾನನ ದಿಗಿಲು ಕೇಳಿಸುತ್ತದೆ.

ಎಂಬತ್ತರ ದಶಕದ ನಡುವೆ ದೇಶದ ತೈಲೋತ್ಪಾದನೆ ಯುದ್ಧಾನಂತರ ಮೊದಲ ಬಾರಿಗೆ ಇಳಿಯಿತು. 1985ರಲ್ಲಿ ಗೋರ್ಬಚೇವ್ ಮದ್ಯದ ವಿರುದ್ಧ ಅಭಿಯಾನ ಆರಂಭಿಸಿದರು. ಬೊಕ್ಕಸಕ್ಕೆ ಬೀಳುವ ಹೊಡೆತವನ್ನು ತೋರಿಸಿ ಬೈಬಕೋವ್ ಅದನ್ನು ವಿರೋಧಿಸಿದರು. ಅಕ್ಟೋಬರ್‌ನಲ್ಲಿ ಅವರ ಜಾಗಕ್ಕೆ ನಿಕೊಲಾಯ್ ತಲೀಜಿನ್ ಬಂದರು. ಕೆಲವೇ ತಿಂಗಳಲ್ಲಿ, 1986ರಲ್ಲಿ, ಜಗತ್ತಿನ ತೈಲಬೆಲೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಬೈಬಕೋವ್ 2008ರ ಮಾರ್ಚ್‌ವರೆಗೆ, 97 ವರ್ಷ, ಬದುಕಿದ್ದರು. ತಾವು ಇಪ್ಪತ್ತು ವರ್ಷ ಲೆಕ್ಕ ಬರೆದ ದೇಶ ಇಲ್ಲವಾಗಿ ಆಗ ಹದಿನಾರು ವರ್ಷಗಳಾಗಿದ್ದವು.