ಪಾಪಸ್ ಕಳ್ಳಿ ಹೂವು, ಹಣ್ಣಿನ ಫೋಟೋ: ಹಳದಿ ಬಣ್ಣದ ಲೆಕ್ಕ

ಮೇಲುಕೋಟೆ, ಪಾಂಡವಪುರದ ಕಡೆ ಹೊಲದ ಬೇಲಿಯಲ್ಲಿ ಪಾಪಸ್ ಕಳ್ಳಿ ಹೂ ಬಿಟ್ಟಾಗ ಕ್ಯಾಮೆರಾ ಹಿಡಿದು ಹೊರಡುವವರಿಗೆ ಈ ಟಿಪ್ಪಣಿ. ಟ್ರೈಪಾಡ್, ಮ್ಯಾಕ್ರೋ ಲೆನ್ಸ್ ವಿಷಯ ಬಿಟ್ಟಿದ್ದೇನೆ, ಅದು ಎಲ್ಲ ಹೂವಿಗೂ ಒಂದೇ. ಇಲ್ಲಿ ತಲೆ ತಿನ್ನುವುದು ಹಳದಿ.

ಮೊದಲು ಗಿಡ. ಹಸಿರು ಹಲಗೆಯಂತೆ ಕಾಣುವುದು ಎಲೆಯಲ್ಲ, ಕಾಂಡ. ಹೂವಿನ ಕೆಳಗಿನ ಹಸಿರು ಬುಡವೇ ಮುಂದೆ ಹಣ್ಣಾಗುತ್ತದೆ. ಅದಕ್ಕೇ ಪಕ್ಕದಿಂದಲೂ ಒಂದು ಫೋಟೋ ಬೇಕು. ಕೇಸರಗಳನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ಒಳಕ್ಕೆ ಬಾಗುತ್ತವೆ. ಜೇನುನೊಣ ಇಳಿದಾಗಲೂ ಹೀಗೇ ಆಗುತ್ತದೆ. ಇದಕ್ಕೆ ವಿಡಿಯೋನೇ ಸರಿ.

ಈಗ ಹಳದಿ. ಬಿಸಿಲಲ್ಲಿ ತೆಗೆದ ಹೂವು ಎಷ್ಟೋ ಸಲ ಗೆರೆಯಿಲ್ಲದ ಹಳದಿ ಮುದ್ದೆಯಾಗಿ ಬರುತ್ತದೆ. ಹಿಸ್ಟೋಗ್ರಾಂ (ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್, ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು) ನೋಡಿದರೆ ಬಲಗಡೆ ಇನ್ನೂ ಜಾಗ ಇದೆ! ನನಗೆ ಜಾಸ್ತಿ ಹೊತ್ತು ಹಿಡಿದಿದ್ದು ಇದೇ. ಲೆಕ್ಕ ಹಾಕಿದರೆ ಮಾತ್ರ ಬಿಡಿಸಿಕೊಳ್ಳುತ್ತದೆ.

ಬಿಳಿ ಹಿಸ್ಟೋಗ್ರಾಂ ಮೂರು ಬಣ್ಣ ಬೆರೆಸಿದ ಲೆಕ್ಕ. ಸಾಮಾನ್ಯ ಸೂತ್ರದಲ್ಲಿ ಕೆಂಪಿನ ಪಾಲು ಸುಮಾರು 30%, ಹಸಿರಿನದು 59%, ನೀಲಿಯದು 11%. ಹಳದಿ ಅಂದರೆ ಕೆಂಪು, ಹಸಿರು ತುಂಬಾ, ನೀಲಿ ಇಲ್ಲವೇ ಇಲ್ಲ ಅನ್ನುವಷ್ಟು. ಪ್ರತಿ ಬಣ್ಣಕ್ಕೂ 0 ಅಂದರೆ ಖಾಲಿ, 255 ಅಂದರೆ ಪೂರ್ತಿ ತುಂಬಿದ್ದು. ಕೆಂಪು 255, ಹಸಿರು 255, ನೀಲಿ 0 ಇಟ್ಟುಕೊಳ್ಳಿ. ಆ ಪಾಲಿನಂತೆ ಕೂಡಿದರೆ ಮೊತ್ತ ಸುಮಾರು 227. ಗ್ರಾಫು 227ರಲ್ಲಿ ನಿಂತು ಇನ್ನೂ ಜಾಗ ಇದೆ ಅನ್ನುತ್ತದೆ. ಆದರೆ ಕೆಂಪು, ಹಸಿರು ಎರಡೂ ಆಗಲೇ ತುಂಬಿ ಹೋಗಿವೆ. ಎಸಳಿನ ನರ, ಮಡಿಕೆ ಎಲ್ಲ ಇರುವುದು ಆ ಎರಡರಲ್ಲೇ, ಅಲ್ವಾ? ಖಾಲಿ ಇರುವುದು ನೀಲಿ, ಅಲ್ಲಿ ತೋರಿಸಲು ಏನೂ ಇಲ್ಲ.

ಹಾಗಾಗಿ ಬಿಳಿ ಗ್ರಾಫ್ ಬಿಟ್ಟು ಮೂರು ಬಣ್ಣದ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಕೆಂಪು ಬಲಗಡೆ ಗೋಡೆಗೆ ತಾಗದಂತೆ ಎಕ್ಸ್‌ಪೋಶರ್ (ಕ್ಯಾಮೆರಾ ಹಿಡಿಯುವ ಬೆಳಕು) ಇಳಿಸಿ. ಮೈನಸ್ ಮುಕ್ಕಾಲು ಸ್ಟಾಪಿನಿಂದ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಶುರು ಮಾಡುವುದು ನನ್ನ ಅಭ್ಯಾಸ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೈಲ್) ಇದ್ದರೆ ಕಪ್ಪಾಗಿ ಬಂದ ಹಲಗೆಯನ್ನು ಆಮೇಲೆ ಬೆಳಗಿಸಬಹುದು. ಹಾರಿಹೋದ ಹಳದಿ ಮಾತ್ರ ವಾಪಸ್ ಬರುವುದಿಲ್ಲ.

ಕೊಯ್ದ ಹಣ್ಣಿನಲ್ಲಿ ಈ ಮೋಸ ಇನ್ನೂ ಜೋರು. ಕಡುಗೆಂಪು ತಿರುಳಿನಲ್ಲಿ ಕೆಂಪು 255, ಹಸಿರು 0, ನೀಲಿ 80 ಅಂದುಕೊಂಡರೆ ಮೊತ್ತ 85. ಗ್ರಾಫ್ ಎಡಕ್ಕಿರುತ್ತದೆ, ಫೋಟೋ ಕತ್ತಲು ಅಂತ ಎಕ್ಸ್‌ಪೋಶರ್ ಏರಿಸಲು ಕೈ ಹೋಗುತ್ತದೆ. ಏರಿಸಬೇಡಿ. ಅಂದಹಾಗೆ ಆ ಕೆಂಪು ಬೀಟ್‌ರೂಟಿನದೇ ಜಾತಿಯ ಬಣ್ಣ, ಬಟ್ಟೆಗೆ ತಾಗಿದರೆ ಕಷ್ಟ.

ಹಲಗೆ ಮೇಲೆ ಬಿಳಿ ಹತ್ತಿ ಮೆತ್ತಿದಂತಿದ್ದರೆ ಅದು ಕಳ್ಳಿಯ ರಸ ಹೀರುವ ಕೊಚಿನೀಲ್ ಕೀಟ. ಅಮೆರಿಕ ಖಂಡದಿಂದ ಬಂದ ಈ ಕಳ್ಳಿ ದಕ್ಷಿಣ ಭಾರತದಲ್ಲಿ ಕಳೆಯಾಗಿ ಹಬ್ಬಿದಾಗ, 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್ ತಂದು ಬಿಟ್ಟು ಕಳ್ಳಿಯನ್ನು ಹದ್ದುಬಸ್ತಿಗೆ ತಂದರು.

ಹಣ್ಣು ಬರಿಗೈಯಲ್ಲಿ ಕೀಳಬೇಡಿ. ದೊಡ್ಡ ಮುಳ್ಳಿಗಿಂತ ಸಿಪ್ಪೆಯ ಮೇಲಿನ ಚುಕ್ಕೆಗಳಲ್ಲಿ ಗುಂಪಾಗಿರುವ ಸಣ್ಣ ಕೂದಲಿನಂಥ ಮುಳ್ಳು ಕೆಟ್ಟದ್ದು. ಅದಕ್ಕೆ ಕೊಕ್ಕೆ ಇರುತ್ತದೆ, ಕಣ್ಣಿಗೆ ಕಾಣುವುದೂ ಕಷ್ಟ. ಇಕ್ಕಳದಲ್ಲಿ ಹಿಡಿದು ಬೆಂಕಿಯಲ್ಲಿ ಸುಟ್ಟು, ಎರಡು ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ ಸಿಪ್ಪೆ ಬಿಡಿಸಿ. ಬೀಜ ಗಟ್ಟಿ, ರಸವನ್ನು ತೆಳು ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ಮುಳ್ಳಿನ ಫೋಟೋ ಬೇಕಾದರೆ ಸುಡುವ ಮುಂಚೆ, ಬೆಳಕು ಹಿಂದಿನಿಂದ ಬೀಳುವಂತೆ ಇಟ್ಟು ತೆಗೆಯಿರಿ. ಆಗ ಪ್ರತಿ ಕೂದಲೂ ಹೊಳೆಯುತ್ತದೆ.